ಕಾರ್ಡಿನ ಹಿಂಬದಿ

"ಹಿಂಬದಿ ತೋರಿಸಿ," ಎಂದಳು ಲೊರೆಟ್ಟಾ.

"ಅದೊಂದು ಬಿಟ್ಟು ಬೇರೆ ಏನು ಬೇಕಾದ್ರೂ ಕೇಳಿ," ಎಂದ ಆ ಹೊಸಬ.

ಅಲ್ಲಿಗೆ ಅವನ ಜಾತಕವೆಲ್ಲ ಅವಳಿಗೆ ಗೊತ್ತಾಗಿಹೋಯಿತು. ಬೇಸ್‌ಬಾಲ್ ಆಟಗಾರರ ಚಿತ್ರದ ಕಾರ್ಡ್ ಕೂಡಿಡುವವರಲ್ಲಿ ಮುಂಬದಿ ಮಾತ್ರ ತೋರಿಸುವವನನ್ನು ಯಾರೂ ನಂಬುವುದಿಲ್ಲ. ಹಿಂದೆ ಅಂಟಿನ ಕಲೆ ಇರಬಹುದು, ಕಾಗದ ಕಿತ್ತುಬಂದಿರಬಹುದು, ಇಡೀ ಕಾರ್ಡೇ ನಕಲಿ ಇರಬಹುದು. ಅದರಲ್ಲೂ ಇದು ಕೋವಾಚ್ ಕಂಪನಿಯ ಸಾಸೇಜಿನ ರಟ್ಟಿನ ಡಬ್ಬಿಯ ಮೇಲೆ ಅಚ್ಚಾಗಿ ಬಂದು, ಮನೆಯಲ್ಲಿ ಕತ್ತರಿ ಹಿಡಿದು ಕತ್ತರಿಸಿಕೊಳ್ಳಬೇಕಾಗಿದ್ದ ಕಾರ್ಡು. ಹಿಂದೆ ಬರೀ ಬೂದು ರಟ್ಟು. ಬೋಳು ರಟ್ಟಿನಲ್ಲಿ ಮುಚ್ಚಿಡುವುದೇನಿದೆ?

ಆದರೂ ಅವಳು ಕಾರ್ಡಿನಿಂದ ಕಣ್ಣು ಕೀಳಲಿಲ್ಲ. ಅವನ ಬೆರಳುಗಳ ನಡುವೆ ನಗುತ್ತಿದ್ದವನು ಆರ್ಲೊ ಬೀಮನ್. ಅವಳ ಊರಾದ ಸ್ಯಾಂಡಸ್ಕಿಯ ಹೆರನ್ಸ್ ಟೀಮಿಗೆ ಚೆಂಡೆಸೆಯುತ್ತಿದ್ದ, ಉದ್ದ ಕುತ್ತಿಗೆಯ, ಚಪ್ಪಟೆ ಟೋಪಿಯ ಆರ್ಲೊ. ಲೊರೆಟ್ಟಾಳ ಆಲ್ಬಮ್ಮಿನಲ್ಲಿ ಹೆರನ್ಸ್‌ನ ಅಷ್ಟೂ ವರ್ಷದ ಅಷ್ಟೂ ಆಟಗಾರರಿದ್ದರು. ಒಂದೇ ಒಂದು ಜಾಗ ಖಾಲಿಯಿತ್ತು, ಅದು ಇವನದು. ಈ ಸೆಪ್ಟೆಂಬರಿಗೆ ಟೀಮು ಊರು ಬಿಟ್ಟು ಹೋಗುವುದಿತ್ತು. ಕೊನೆಯ ಆಟದೊಳಗೆ ಆ ಜಾಗ ತುಂಬಿಸಿಯೇ ಸಿದ್ಧ ಎಂದು ಅವಳು ಊರಿಗೆಲ್ಲ ಹೇಳಿಕೊಂಡು ಓಡಾಡಿದ್ದಳು.

"ಬಲಗಡೆ ಕೆಳಮೂಲೆ ಓರೆಯಾಗಿದೆ," ಎಂದಳು ಬಗ್ಗಿ ನೋಡಿ. "ಯಾರೋ ಅಂಚು ಕತ್ತರಿಸಿದ್ದಾರೆ. ನಾನು ಟೈಲರ್ ಕಣ್ರೀ, ಕತ್ತರಿ ಎಲ್ಲಿ ಜಾರಿದೆ ಅಂತ ನನಗೆ ಗೊತ್ತಾಗಲ್ವಾ?"

"ಗೊತ್ತಾಗುತ್ತೆ ಅಂತ ನನಗೂ ಅನ್ನಿಸುತ್ತೆ," ಎಂದು ಅವನು ಕಾರ್ಡನ್ನು ಅಂಗಿಯ ಜೇಬಿಗೆ ಇಳಿಸಿಬಿಟ್ಟ. "ಮುಂದಿನ ಶನಿವಾರ ಬರ್ತೀನಿ. ನನ್ನ ಹೆಸರು ವೆಂಡೆಲ್ ಕ್ರೌಸ್."

ಅವನು ಹೋದ ಮೇಲೆ ಲೊರೆಟ್ಟಾ ಅಂಗಡಿಯ ಮಾಲೀಕ ಗಸ್‌ನ ಕಡೆ ತಿರುಗಿದಳು. ಪ್ರತಿ ಶನಿವಾರ ಊರಿನ ಕಾರ್ಡಿನ ಹುಚ್ಚರೆಲ್ಲ ಅದಲುಬದಲು ಮಾಡಿಕೊಳ್ಳಲು ಸೇರುತ್ತಿದ್ದುದು ಗಸ್‌ನ ಉದ್ದ ಮೇಜಿನ ಸುತ್ತಲೇ.

"ಯಾರಿವನು?"

"ಡುಲೂತ್‌ನಿಂದ ಬಂದಿದ್ದಾನಂತೆ. ಅದಿರಿನ ಹಡಗಿನಲ್ಲಿ ಅಡುಗೆ ಮಾಡ್ಕೊಂಡಿದ್ದನಂತೆ, ಈಗ ರಿಟೈರ್ ಆಗಿದ್ದಾನೆ. ನೀನು ಬರೋಕೆ ಮುಂಚೆ ನಿನ್ನ ವಿಷಯ ವಿಚಾರಿಸ್ತಿದ್ದ."

"ನೀನೇನು ಹೇಳಿದೆ?"

"ಇರೋದನ್ನೇ ಹೇಳಿದೆ. ಆರ್ಲೊ ಕಾರ್ಡ್ ಹೊಡ್ಕೊಂಡು ಹೋದ ಹುಡುಗ ಸಿಕ್ಕಿದ್ರೆ ನೀನು ಅವನ ಕಿವಿ ಕತ್ತರಿಸ್ತೀಯ ಅಂತ."

"ಸರಿಯಾಗೇ ಹೇಳಿದ್ದೀಯ," ಎಂದಳು ಲೊರೆಟ್ಟಾ.

*

ಅನುಮಾನ ಅವಳಿಗೆ ಹುಟ್ಟಿನಿಂದ ಬಂದದ್ದಲ್ಲ, ಪಾಪ. ಆರು ವರ್ಷ ಮೀನು ಹಿಡಿಯಲು ಹೋಗುತ್ತಿದ್ದರೂ ಒಮ್ಮೆಯೂ ಮೀನಿನ ವಾಸನೆ ಹೊತ್ತು ಮನೆಗೆ ಬಾರದ ಗಂಡ ಅವಳಿಗಿದ್ದ. ಅವನನ್ನು ಬಿಟ್ಟು ಹದಿನೇಳು ವರ್ಷವಾಗಿತ್ತು. ಆಮೇಲೆ ಒಂಟಿ ಹೆಂಗಸಿನ ಹತ್ತಿರ ಹಳೆಯ ಕಾರ್ಡುಗಳಿವೆ ಎಂದು ವಾಸನೆ ಹಿಡಿದ ವ್ಯಾಪಾರಿಗಳು ಬಂದರು. ಕಾಫಿ ಕುಡಿದು, ಆಲ್ಬಮ್ ನೋಡಿ, ಇದೆಲ್ಲ ಕಸ ಬಿಡಿ, ಆದ್ರೂ ನಾನು ತಗೋತೀನಿ ಎನ್ನುತ್ತಿದ್ದರು. ಅಂದಿನಿಂದ ಅವಳು ಆಲ್ಬಮ್ಮನ್ನು ಯಾರ ಕಣ್ಣಿಗೂ ಬೀಳಿಸಿರಲಿಲ್ಲ.

ಹಾಗಾಗಿ ಮುಂದಿನ ಶನಿವಾರ ವೆಂಡೆಲ್ ಕ್ರೌಸ್ ಒಂದು ಬಿಸಿ ಪೊಟ್ಟಣ ಹಿಡಿದು ಬಂದಾಗ ಅವಳು ಪೊಟ್ಟಣಕ್ಕಿಂತ ಮೊದಲು ಅವನ ಕಣ್ಣನ್ನು ನೋಡಿದಳು. ಕಣ್ಣು ಬೂದು ಬಣ್ಣದ್ದು, ಸುತ್ತ ನಗುವಿನ ಗೆರೆಗಳು. ಅವಳು ನೋಡುತ್ತಿದ್ದಾಳೆಂದು ಗೊತ್ತಾದೊಡನೆ ಆ ಗೆರೆಗಳು ಕಿವಿಯವರೆಗೆ ಹರಿದವು. ಅವಳು ತಟ್ಟನೆ ಪೊಟ್ಟಣದ ಕಡೆ ತಿರುಗಿದಳು.

"ಏನಿದು?"

"ಪರ್ಚ್ ಮೀನು. ಈಗಷ್ಟೇ ಕರಿದದ್ದು. ಬ್ರೆಡ್ಡಿನ ನಡುವೆ ಇಟ್ಟಿದ್ದೀನಿ."

"ಯಾಕೆ ತಂದ್ರಿ?"

"ತಿನ್ನೋಕೆ."

"ಅಲ್ಲ, ನನಗೆ ಯಾಕೆ?"

"ನೋಡಿ ಲೊರೆಟ್ಟಾ, ಇಪ್ಪತ್ತೆಂಟು ಜನಕ್ಕೆ ಅಡುಗೆ ಮಾಡಿ ಅಭ್ಯಾಸ ಆದವನು ನಾನು. ಒಬ್ಬನಿಗೇ ಅಂತ ಕರಿದರೂ ಇಪ್ಪತ್ತೇಳು ಉಳಿದುಬಿಡುತ್ತೆ."

ಗಸ್ ಗೊಳ್ಳನೆ ನಕ್ಕ. ಲೊರೆಟ್ಟಾ ನಗಲಿಲ್ಲ. ಆದರೆ ಮೀನನ್ನು ತಿಂದಳು, ಬೆರಳನ್ನೂ ನೆಕ್ಕದೆ ಬಿಡಲಿಲ್ಲ. ಅವಳ ಎಡಗೈಯ ಬೆರಳುಗಳನ್ನು ಅವನು ನೋಡಿಯೂ ನೋಡದವನಂತೆ ನೋಡುತ್ತಿದ್ದ.

"ಏನು ನೋಡ್ತಿದ್ದೀರ?"

"ಎಡಗೈಯೋರಿಗೆ ಕತ್ತರಿ ಹಿಡಿಯೋದು ಕಷ್ಟ ಅಲ್ವಾ?"

"ಈಗ ಎಡಗೈ ಕತ್ತರೀನೇ ಸಿಗುತ್ತೆ. ಚಿಕ್ಕವಳಿದ್ದಾಗ ಅಮ್ಮನ ಕತ್ತರೀಲಿ ಒದ್ದಾಡ್ತಿದ್ದೆ. ಅದಿರಲಿ, ಹಿಂಬದಿ ತೋರಿಸ್ತೀರೋ ಇಲ್ವೋ?"

"ಇವತ್ತು ಬೇಡ."

"ಅಂಟಿನ ಕಲೆ ತಾನೇ?"

"ಕಲೆ ಹೌದು, ಅಂಟಿನದಲ್ಲ," ಎಂದು ಅವನು ಎದ್ದ.

ಹೀಗೆ ಜುಲೈ ಕಳೆಯಿತು. ಅವನು ಬರುತ್ತಿದ್ದ, ಏನಾದರೂ ತಿನ್ನಿಸುತ್ತಿದ್ದ, ಕಾರ್ಡಿನ ಮುಖ ತೋರಿಸಿ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಗಸ್ ಮಧ್ಯಸ್ಥಿಕೆಗೆ ಬಂದು ಬೆಲೆ ಕೇಳಿದರೆ, ಮಾರೋದಕ್ಕಲ್ಲ ಎನ್ನುತ್ತಿದ್ದ. ಬದಲಿಗೆ ಏನು ಬೇಕು ಎಂದರೆ ಮಾತನ್ನು ಮೀನಿನ ಕಡೆ ತಿರುಗಿಸುತ್ತಿದ್ದ. ಇವನ ಕಣ್ಣು ನನ್ನ ಆಲ್ಬಮ್ಮಿನ ಮೇಲೇ ಇದೆ ಎಂದು ಲೊರೆಟ್ಟಾ ಮನಸ್ಸಿನಲ್ಲೇ ತೀರ್ಮಾನಿಸಿದಳು. ಆದರೂ ಶನಿವಾರ ಬಂತೆಂದರೆ ನೀಲಿ ಅಂಗಿಯನ್ನು ಹುಡುಕಿ ಇಸ್ತ್ರಿ ಮಾಡುತ್ತಿದ್ದಳು. ಅದಕ್ಕೂ ಅವನಿಗೂ ಏನೂ ಸಂಬಂಧವಿಲ್ಲ ಎಂದು ಕನ್ನಡಿಗೆ ಹೇಳುತ್ತಿದ್ದಳು.

*

ಆಗಸ್ಟಿನ ಒಂದು ಭಾನುವಾರ ಮಧ್ಯಾಹ್ನ ಇಬ್ಬರೂ ಆಟ ನೋಡಲು ಹೋದರು. ಕರೆದವಳು ಅವಳೇ. ಕಳ್ಳನನ್ನು ಕಣ್ಣೆದುರೇ ಇಟ್ಟುಕೊಳ್ಳುವುದು ಒಳ್ಳೆಯದು ಎಂದು ಗಸ್‌ಗೆ ಸಮಜಾಯಿಷಿ ಕೊಟ್ಟಿದ್ದಳು.

ಮೆಟ್ಟಿಲು ಹತ್ತುವಾಗ ವೆಂಡೆಲ್ ಅವಳ ಮೊಣಕೈ ಹಿಡಿದು ನೆರಳಿನ ಕಡೆ ತಿರುಗಿಸಿದ. "ಮೂರನೇ ಬೇಸ್ ಕಡೆ ಬೇಡ. ಅಲ್ಲಿ ಬಿಸಿಲು. ನಿಮ್ಮ ಮೂಗು ಸುಲಿದುಹೋಗುತ್ತೆ."

ಅವಳು ಅಲ್ಲೇ ನಿಂತಳು. "ನನ್ನ ಮೂಗು ಬಿಸಿಲಿಗೆ ಸುಲಿಯುತ್ತೆ ಅಂತ ನಿಮಗೆ ಹೇಗೆ ಗೊತ್ತು?"

"ಬಿಳಿ ಮೂಗು ಯಾರದ್ದಾದ್ರೂ ಸುಲಿಯುತ್ತೆ ಬಿಡಿ," ಎಂದು ಅವನು ಬೇರೆಲ್ಲೋ ನೋಡಿದ. ಅವನ ಕುತ್ತಿಗೆ ಕೆಂಪಾಗಿತ್ತು.

ಅವಳು ಮಡಿಲಲ್ಲಿ ಸ್ಕೋರ್ ಪುಸ್ತಕ ಬಿಚ್ಚಿ, ಎಡಗೈಯಲ್ಲಿ ಪೆನ್ಸಿಲ್ ಹಿಡಿದು ಪ್ರತಿ ಎಸೆತಕ್ಕೂ ಗುರುತು ಹಾಕತೊಡಗಿದಳು. ಅವನು ಕಡಲೆಕಾಯಿ ಸುಲಿದು ಅವಳ ಬಲಗೈಗೆ ಹಾಕುತ್ತಿದ್ದ. ಒಮ್ಮೆ ಬೆರಳಿಗೆ ಬೆರಳು ತಗುಲಿತು. ಇಬ್ಬರೂ ಕೈ ತೆಗೆಯಲಿಲ್ಲ. ಅವಳು ಒಂದು ಎಸೆತ ಬರೆಯುವುದನ್ನೇ ಮರೆತಳು. ಒಂಬತ್ತನೇ ವಯಸ್ಸಿನಿಂದ ಎಂದೂ ಹಾಗಾಗಿರಲಿಲ್ಲ.

ಆ ಮರೆವಿನ ಸಂಕೋಚಕ್ಕೋ ಏನೋ, ಮಾತು ತಾನಾಗಿ ಬಂತು.

"ಚಿಕ್ಕವಳಿದ್ದಾಗ ಆರ್ಲೊ ಕಾರ್ಡು ನನ್ನ ಹತ್ತಿರ ಇತ್ತು. ಖಾರದ ಸಾಸೇಜ್ ಡಬ್ಬಿಲಿ ಮಾತ್ರ ಬರ್ತಿತ್ತು, ಅದನ್ನ ಊರಲ್ಲಿ ಯಾರೂ ಕೊಳ್ತಿರಲಿಲ್ಲ. ಮೂರು ವಾರ ಕಣ್ಣಲ್ಲಿ ನೀರು ಸುರಿಸ್ಕೊಂಡು ತಿಂದೆ. ಆಮೇಲೆ ಇಲ್ಲೇ, ಆ ಮೆಟ್ಟಿಲ ಮೇಲೆ, ಎಲ್ಲರೂ ಸ್ಕೂಟರ್ ಅಂತ ಕರೀತಿದ್ದ ಒಬ್ಬ ಹುಡುಗ ಬಂದ. ಆರ್ಲೊನ ಬೇರೆ ಟೀಮಿಗೆ ಕೊಟ್ಟುಬಿಟ್ರು, ನಾಳೆಯಿಂದ ಟೊಲೆಡೊಗೆ ಆಡ್ತಾನೆ, ರೇಡಿಯೋದಲ್ಲಿ ಕೇಳಿದೆ ಅಂದ."

"ನೀವು ನಂಬಿದ್ರಿ."

"ನಂಬದೆ? ಹೆರನ್ಸ್ ಬಿಟ್ಟು ಹೋದವನ ಮುಖ ಇಟ್ಕೊಳ್ಳೋಕೆ ಆಗುತ್ತಾ? ಅಳ್ತಾ ಕೊಟ್ಟುಬಿಟ್ಟೆ. ಬದಲಿಗೆ ಅವನು ಕೊಟ್ಟಿದ್ದು ಸ್ಟಾಬ್ ಅನ್ನೋ ಮೀಸೆ ಗೂಬೆದು. ಇಡೀ ವರ್ಷ ಬೆಂಚ್ ಬಿಟ್ಟು ಏಳದವನು! ಮಾರನೇ ದಿನ ಬಂದು ನೋಡಿದ್ರೆ ಆರ್ಲೊ ನಮ್ಮದೇ ಅಂಗಿ ಹಾಕ್ಕೊಂಡು ಚೆಂಡು ಎಸೀತಿದ್ದಾನೆ. ಸ್ಕೂಟರ್ ಮಾತ್ರ ಪತ್ತೆಯಿಲ್ಲ. ಆ ಬೇಸಿಗೆ ಪೂರ್ತಿ ಈ ಮೆಟ್ಟಿಲ ಮೇಲೆ ಕಾದೆ. ಗಂಡ ಮಾಡಿದ ಮೋಸ ಮರೆತಿದ್ದೀನಿ ವೆಂಡೆಲ್, ಇದನ್ನ ಮಾತ್ರ ಮರೆಯೋಕೆ ಆಗ್ತಿಲ್ಲ."

ಕಡಲೆಕಾಯಿ ಬರುವುದು ನಿಂತಿತ್ತು. ತಿರುಗಿ ನೋಡಿದರೆ ವೆಂಡೆಲ್ ಮುಖ ಬಿಳಿಚಿಕೊಂಡಿತ್ತು.

"ಮೈ ಸರಿಯಿಲ್ವಾ?"

"ಸೆಕೆ," ಎಂದು ಅವನು ಎದ್ದ. "ನಾನು ಹೊರಡ್ತೀನಿ, ಕ್ಷಮಿಸಿ." ಒಂಬತ್ತರಲ್ಲಿ ಏಳನೇ ಇನ್ನಿಂಗ್ಸ್ ಕೂಡ ಮುಗಿದಿರಲಿಲ್ಲ. ನೆರಳಿನಲ್ಲಿ ಕೂತವನಿಗೆ ಎಂಥ ಸೆಕೆ?

ಮುಂದಿನ ಶನಿವಾರ ಅವನು ಬರಲಿಲ್ಲ. ಅದರ ಮುಂದಿನ ಶನಿವಾರವೂ ಇಲ್ಲ.

"ನಾನು ಹೇಳಿರಲಿಲ್ವಾ?" ಎಂದಳು ಲೊರೆಟ್ಟಾ ಗಸ್‌ಗೆ. "ನಕಲಿ ಕಾರ್ಡು. ಸಿಕ್ಕಿಬೀಳ್ತೀನಿ ಅಂತ ಓಡಿಹೋದ."

"ಹಾಗಿದ್ರೆ ನಿನ್ನ ಕಣ್ಣು ಯಾಕೆ ಒದ್ದೆ?"

"ಧೂಳು. ನಿನ್ನ ಅಂಗಡೀನ ಯಾವತ್ತಾದ್ರೂ ಗುಡಿಸಿದ್ದೀಯಾ?" ಎಂದು ರೇಗಿ ಹೊರಟುಹೋದಳು. ದಾರಿಯುದ್ದಕ್ಕೂ ಅತ್ತಳು. ಕಾರ್ಡಿಗಾಗಿ ಅಲ್ಲವೆಂದು ಅವಳಿಗೆ ಗೊತ್ತಿತ್ತು, ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

*

ಕೊನೆಯ ಆಟದ ಮಧ್ಯಾಹ್ನ ಇಡೀ ಊರು ಬಂದಿತ್ತು. ಲೊರೆಟ್ಟಾ ಚೀಲದಲ್ಲಿ ಆಲ್ಬಮ್ ಹೊತ್ತು, ಹಳೆಯ ಮೆಟ್ಟಿಲ ಮೇಲೆ, ಬಿಸಿಲಿನಲ್ಲೇ ಕೂತಳು. ಮೂಗು ಸುಲಿಯುವುದಿದ್ದರೆ ಸುಲಿಯಲಿ.

ಎಂಟನೇ ಇನ್ನಿಂಗ್ಸಿನಲ್ಲಿ ಯಾರೋ ಪಕ್ಕದಲ್ಲಿ ನಿಂತು ಅವಳ ಮುಖಕ್ಕೆ ನೆರಳು ಮಾಡಿದರು. ವೆಂಡೆಲ್. ಅವನು ಕಾರ್ಡನ್ನು ಅವಳ ಮಡಿಲಲ್ಲಿ ಇಟ್ಟ. ಈ ಸಲ ಬೂದು ರಟ್ಟು ಮೇಲಿತ್ತು.

ಪೆನ್ಸಿಲ್ಲಿನಲ್ಲಿ, ಎಡಕ್ಕೆ ವಾಲಿದ ದಪ್ಪ ಅಕ್ಷರಗಳು: ಇದು ಲೊರೆಟ್ಟಾಳದು. ಮುಟ್ಟಿದವರ ಕೈ ಉದುರಿಹೋಗಲಿ. ಕೆಳಗೆ, ಆರ್ಲೊ ಗೆದ್ದ ಒಂದೊಂದು ಆಟಕ್ಕೂ ಒಂದೊಂದು ಗೀಟು. ಒಂಬತ್ತು ಪೆನ್ಸಿಲ್ ಗೀಟುಗಳಾದ ಮೇಲೆ ನೀಲಿ ಶಾಯಿಯ ಗೀಟುಗಳು ಶುರುವಾಗಿದ್ದವು. ಅವು ಅವಳವಲ್ಲ.

ಅವಳು ಕಾರ್ಡನ್ನು ಮಗುಚಿ ಓರೆ ಮೂಲೆಯನ್ನು ಸವರಿದಳು. ಅಮ್ಮನ ಕತ್ತರಿ. ಜಾರಿದ್ದು ಅವಳದೇ ಕೈ.

"ಸ್ಕೂಟರ್," ಎಂದಳು.

"ಹೂಂ."

"ಎರಡು ತಿಂಗಳು ನನ್ನೆದುರು ಕೂತು ಮೀನು ತಿನ್ನಿಸಿದೆಯಲ್ಲೋ, ಕಳ್ಳ!"

"ಬಂದ ದಿನವೇ ಕೊಟ್ಟು ಹೋಗೋಣ ಅಂತಿದ್ದೆ. ಗಸ್ ಕಿವಿ ವಿಷಯ ಹೇಳಿದ. ಅಷ್ಟರಲ್ಲಿ ನೀನು ಒಳಗೆ ಬಂದೆ. ಕೊಟ್ಟುಬಿಟ್ರೆ ಇನ್ನೊಂದು ಶನಿವಾರ ಸಿಗಲ್ಲ ಅನ್ನಿಸ್ತು." ಅವನು ಒಂದು ಮೆಟ್ಟಿಲು ಕೆಳಗೆ ಕೂತ. "ಆವತ್ತೂ ಅಷ್ಟೇ. ನಿನ್ನ ಹತ್ತಿರ ಮಾತಾಡೋಕೆ ಬೇರೆ ದಾರಿ ಗೊತ್ತಿರಲಿಲ್ಲ. ಸುಳ್ಳು ಹೇಳಿ ಇಸ್ಕೊಂಡ್ರೆ, ನಾಳೆ ವಾಪಸ್ ಕೊಡೋ ನೆಪದಲ್ಲಿ ಇನ್ನೊಂದು ಸಲ ಮಾತಾಡಬಹುದು ಅಂದ್ಕೊಂಡೆ. ಬೆಳಿಗ್ಗೆ ಎದ್ದರೆ ಅಪ್ಪ ಟ್ರಕ್ಕಿಗೆ ಸಾಮಾನು ಹೇರಿ ಆಗಿತ್ತು. ಡುಲೂತ್‌ನಲ್ಲಿ ಕೆಲಸ ಸಿಕ್ಕಿತ್ತು."

"ಈ ನೀಲಿ ಗೀಟು?"

"ಅವನು ಆಮೇಲೂ ಗೆಲ್ತಿದ್ದನಲ್ಲ, ಪೇಪರ್ ನೋಡಿ ಹಾಕ್ತಿದ್ದೆ. ನೀನಿದ್ದಿದ್ರೆ ನೀನೇ ಹಾಕ್ತಿದ್ದೆ ಅಂತ." ಅವನು ಮೈದಾನದ ಕಡೆ ತಿರುಗಿದ. "ಆ ಬೇಸಿಗೆ ಪೂರ್ತಿ ಇಲ್ಲಿ ಕಾದೆ ಅಂದೆಯಲ್ಲ, ಅದನ್ನ ಕೇಳಿದ ಮೇಲೆ ನಿನ್ನ ಮುಖ ನೋಡೋಕೆ ಆಗಲಿಲ್ಲ."

ಸುತ್ತ ಜನರೆಲ್ಲ ಎದ್ದು ಚಪ್ಪಾಳೆ ತಟ್ಟುತ್ತಿದ್ದರು. ಆಟ ಮುಗಿದಿತ್ತು. ಹೆರನ್ಸ್ ಸೋತಿತ್ತು, ಎಂದಿನಂತೆ. ಲೊರೆಟ್ಟಾಳಿಗೆ ಕೊನೆಯ ಎಸೆತ ಕಾಣಲಿಲ್ಲ. ಅವಳ ಮಡಿಲಲ್ಲಿ ಆರ್ಲೊ ಇದ್ದ, ಕಾಲ ಬಳಿ ಆಲ್ಬಮ್ ಇತ್ತು. ತೆರೆದು ಸಿಕ್ಕಿಸಿದರೆ ಆಯಿತು, ಹರಕೆ ತೀರಿತು.

ಅವಳು ಕಾರ್ಡನ್ನು ಎತ್ತಿ ಅವನ ಅಂಗಿಯ ಜೇಬಿನಲ್ಲೇ ಇಟ್ಟಳು.

"ಬೇಡ್ವಾ?" ಅವನು ಕಂಗಾಲಾದ.

"ಬೇಕು. ನಾಳೆ ವಾಪಸ್ ಕೊಡೋಣ ಅಂತಿದ್ದೆಯಲ್ಲ? ಕೊಡು. ನಾಳೆ. ಹೇಗೆ ಕೊಡ್ತೀಯೋ ನೋಡ್ತೀನಿ."

*

ಬೆಳಿಗ್ಗೆ ಆರಕ್ಕೇ ಎದ್ದು ನೀಲಿ ಅಂಗಿ ತೊಟ್ಟು ಕೂತಳು. ಏಳಾಯಿತು. ಬೀದಿಯಲ್ಲಿ ಕಾರು ಹೋದಾಗಲೆಲ್ಲ ಪರದೆ ಸರಿಸಿದಳು. ಎಂಟಾಯಿತು. ಬರಲ್ಲ ಎಂದುಕೊಂಡಳು. ಕೈಗೆ ಬಂದದ್ದನ್ನು ಕಳ್ಳನ ಜೇಬಿಗೆ ನಾನೇ ತುಂಬಿದೆನಲ್ಲ, ನನ್ನಂಥ ಪೆದ್ದಿ ಒಹಾಯೊದಲ್ಲೇ ಇಲ್ಲ ಎಂದು ತನ್ನನ್ನೇ ಬೈದುಕೊಂಡಳು. ಎಂಟೂವರೆಗೆ ಪರದೆ ಎಳೆದುಬಿಟ್ಟಳು.

ಬಾಗಿಲು ಬಡಿದ ಸದ್ದಾಯಿತು.

ವೆಂಡೆಲ್ ನಿಂತಿದ್ದ. ಒಂದು ಕೈಯಲ್ಲಿ ಆರ್ಲೊ, ಇನ್ನೊಂದು ಕೈಯಲ್ಲಿ ಬಿಸಿ ಪೊಟ್ಟಣ.

"ತಡವಾಯ್ತು," ಎಂದ.

"ನಲವತ್ತೈದು ವರ್ಷ," ಎಂದಳು. ಒಳಗೆ ಹೋಗಿ ಒಂದು ಕಾರ್ಡು ತಂದು ಅವನ ಕೈಗಿಟ್ಟಳು. ಮೀಸೆಯ ಸ್ಟಾಬ್. "ತಗೋ, ಇದು ನಿನ್ನದು. ವ್ಯಾಪಾರ ರದ್ದು."

ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿದ. "ಇದೇನಿದು, ಹಲ್ಲಿನ ಗುರುತಾ?"

"ಆವತ್ತು ನಿನ್ನ ಕಿವಿ ಸಿಕ್ಕಿರಲಿಲ್ಲ, ಅದನ್ನೇ ಕಚ್ಚಿದೆ."

ಅವನು ಕಿವಿ ಮುಟ್ಟಿಕೊಂಡು ನಕ್ಕ. ಅವಳು ನಗುತ್ತಲೇ ಅತ್ತಳು. ಆಮೇಲೆ ಎಷ್ಟೋ ವರ್ಷಗಳಲ್ಲಿ ಮೊದಲ ಬಾರಿಗೆ ಇನ್ನೊಬ್ಬರ ಎದುರು ಆಲ್ಬಮ್ ಬಿಚ್ಚಿದಳು. ಖಾಲಿ ಜಾಗಕ್ಕೆ ಆರ್ಲೊನನ್ನು ಇಬ್ಬರೂ ಸೇರಿ ಇಳಿಸಿದರು, ಬೂದು ರಟ್ಟು ಮೇಲೆ ಬರುವಂತೆ. ಪೊಟ್ಟಣದ ಮೀನು ಆರಿಹೋಯಿತು, ಇಬ್ಬರಿಗೂ ನೆನಪಾಗಲಿಲ್ಲ.

ಹೊರಡುವಾಗ ಅವನು ಬಾಗಿಲಲ್ಲಿ ತಡೆದು ನಿಂತ. "ಇನ್ನು ವಾಪಸ್ ಕೊಡೋಕೆ ನನ್ನ ಹತ್ತಿರ ಏನೂ ಇಲ್ಲ, ಲೊರೆಟ್ಟಾ. ನಾಳೆ ಏನಂತ ಬರಲಿ?"

"ಬರಿಗೈಲಿ ಬಾ," ಎಂದಳು ಅವಳು. "ಬರ್ತೀಯ ಅಂತ ಗೊತ್ತು."