ಗೇಟಿನಾಚೆ ನಿಂತ ಅಪ್ಪ

“ಅಲ್ಲೇ ನಿಲ್ಲು! ಒಂದು ಹೆಜ್ಜೆ ಮುಂದೆ ಇಟ್ರೆ ನೋಡು ಮತ್ತೆ!”

ಅಜ್ಜಿ ಬಕೆಟ್ ಎತ್ತಿ ಬ್ಲೀಚಿಂಗ್ ನೀರನ್ನು ಸುರಿದೇಬಿಟ್ಟಳು. ಗೇಟಿನಾಚೆ ನಿಂತಿದ್ದ ಅಳಿಯನ ಪ್ಯಾಂಟು ಮೊಣಕಾಲಿನವರೆಗೆ ತೊಯ್ದುಹೋಯಿತು. ಅವನು ಕೊರೊನಾ ರೋಗಿಗಳ ಆಂಬುಲೆನ್ಸ್ ಡ್ರೈವರ್. ಪಾಳಿ ಮುಗಿಸಿ, ಮೈ ತಿಕ್ಕಿ ಸ್ನಾನ ಮಾಡಿ, ಒಗೆದ ಬಟ್ಟೆ ಹಾಕಿಕೊಂಡು ಮಗಳನ್ನು ಕರೆದೊಯ್ಯಲು ಬಂದಿದ್ದ. ವಿಚ್ಛೇದನದ ಕೇಸು ಮುಗಿಯುವವರೆಗೆ ಭಾನುವಾರ ಮಗಳು ಅಪ್ಪನ ಹತ್ತಿರ ಇರಲಿ ಎಂದು ಕೋರ್ಟೇ ಹೇಳಿತ್ತು.

“ಅತ್ತೆ, ಸ್ನಾನ ಮಾಡ್ಕೊಂಡೇ ಬಂದಿದೀನಿ...”

“ತೊಳೆದ್ರೆ ಹೋಗೋಕೆ ಅದೇನು ಕೆಸರಾ? ಹೆಣ ಮುಟ್ಟಿದ ಕೈಲಿ ನನ್ನ ಮೊಮ್ಮಗಳನ್ನ ಮುಟ್ತೀಯಾ? ನಾಚಿಕೆ ಆಗಲ್ವಾ ನಿಂಗೆ?”

ಇಂಥವರಿಗಾಗಿಯೇ ಅಲ್ಲವೇ ಬೀದಿಗೆ ಬೀದಿಯೇ ನಿಂತು ಚಪ್ಪಾಳೆ ತಟ್ಟಿದ್ದು! ಅಜ್ಜಿಯೂ ತಟ್ಟಿದ್ದಳು, ಬಳೆ ಒಡೆಯುವ ಹಾಗೆ ತಟ್ಟಿದ್ದಳು. ಚಪ್ಪಾಳೆ ತಟ್ಟುವುದು ಸುಲಭ. ಗೇಟು ತೆಗೆಯುವುದು ಕಷ್ಟ.

ಒಳಗೆ ಅವನ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದಳು. ರವಿಕೆ ಹೊಲಿಯುತ್ತಿದ್ದವಳು ಈಗ ಮಾಸ್ಕ್ ಹೊಲಿದು ಮನೆ ನಡೆಸುತ್ತಿದ್ದಳು. ಬೆಳಗಿನಿಂದ ಒಂದೇ ಮಾಸ್ಕನ್ನು ಹೊಲಿಯುವುದು, ಬಿಚ್ಚುವುದು, ಮತ್ತೆ ಹೊಲಿಯುವುದು. ಕಾಲು ಪೆಡಲ್ ಮೇಲೆ ನಿಲ್ಲುತ್ತಿರಲಿಲ್ಲ. ನಾಳೆ ಫೋನಿನಲ್ಲೇ ವಿಚಾರಣೆ. “ಕಾಯಿಲೆ ಮುಗಿಯೋವರೆಗೂ ಮಗುನ ಅಪ್ಪನ ಹತ್ರ ಕಳಿಸೋದು ಬೇಡ ಅಂತ ಕೇಳೋಣಮ್ಮ, ಅವರ ಕೆಲಸಾನೇ ನಮಗೆ ಸಾಕ್ಷಿ” ಎಂದು ವಕೀಲರು ಹೇಳಿದ್ದರು. ಅವಳೂ ಹೂಂ ಎಂದಿದ್ದಳು. ಆದರೆ ಈ ಕಾಯಿಲೆ ಮುಗಿಯುವುದು ಯಾವಾಗ? ಯಾರಿಗೆ ಗೊತ್ತಿತ್ತು? ಅಷ್ಟರಲ್ಲಿ ಮಗಳು ಅಪ್ಪನ ಮುಖವನ್ನೇ ಮರೆತುಬಿಟ್ಟರೆ...? ಗಂಡ ಹೆಂಡತಿಯ ಜಗಳ ಶುರುವಾದದ್ದು ಯಾವುದಕ್ಕೆ ಎಂದು ಕೇಳಿದರೆ ಇಬ್ಬರಿಗೂ ನೆನಪಿರಲಿಲ್ಲ. ಹಟ ಮಾತ್ರ ಚೆನ್ನಾಗಿ ನೆನಪಿತ್ತು.

ಅವರ ಒಬ್ಬಳೇ ಮಗಳು ಗುಬ್ಬಿ, ಮೂರನೇ ಕ್ಲಾಸಿನವಳು, ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅಜ್ಜಿಯನ್ನು ನೋಡಿದಳು. ಅಪ್ಪನ ಒದ್ದೆ ಪ್ಯಾಂಟನ್ನು ನೋಡಿದಳು. ಆಮೇಲೆ ಜೋರಾಗಿ ಹೇಳಿದಳು:

“ಅಮ್ಮಾ... ನಂಗೆ ಬ್ಲೀಚಿಂಗ್ ವಾಸನೆ ಬರ್ತಿಲ್ಲ.”

ಯಂತ್ರ ಗಕ್ಕನೆ ನಿಂತಿತು. ಅಜ್ಜಿಯ ಕೈಯಿಂದ ಬಕೆಟ್ ಜಾರಿತು. ಅಪ್ಪ ಗೇಟು ಹಾರಿ ಒಳಗೆ ಓಡಿಬಂದ! ಮಗಳ ಹಣೆ ಮುಟ್ಟಿದ, ಉಸಿರಾಟ ನೋಡಿದ.

“ಯಾವಾಗಿಂದ ಪುಟ್ಟಾ? ಉಸಿರು ಕಟ್ಟುತ್ತಾ? ಹೇಳಮ್ಮ!”

“ನೀವೇ ತಂದಿದ್ದು!” ತಾಯಿ ಕಿರುಚಿದಳು. “ಹೋದ ವಾರ ಕರ್ಕೊಂಡು ಹೋದ್ರಲ್ಲ, ಮೈಗೆ ಅಂಟಿಸಿ ಕಳಿಸಿದ್ರಿ!”

“ನಿನ್ನ ಹತ್ರ ಮಾಸ್ಕ್ ತಗೊಳ್ಳೋಕೆ ಬೀದಿಯವರೆಲ್ಲ ಬರ್ತಾರಲ್ಲ, ಅವರೆಲ್ಲ ದೇವಲೋಕದಿಂದ ಇಳಿದು ಬರ್ತಾರಾ?”

“ಮಾಡಬಾರದ್ದೆಲ್ಲಾ ಮಾಡಿ ನನ್ನ ಮಗಳ ಮೇಲೇ ಕೂಗ್ತೀಯಾ?” ಎಂದು ಅಜ್ಜಿಯೂ ನುಗ್ಗಿದಳು.

ಮೂವರೂ ಮಗುವಿನ ತಲೆಯ ಮೇಲೆ ಕಿತ್ತಾಡುತ್ತಿದ್ದರೆ, ಮಗು ಮೆಲ್ಲನೆ ನುಸುಳಿ ಹೋಗಿ ಬಾಗಿಲಿನ ಚಿಲಕ ಹಾಕಿತು.

“ಈಗ ಯಾರೂ ಹೊರಗೆ ಹೋಗೋ ಹಾಗಿಲ್ಲ. ಎದುರು ಮನೆಯವರ ಥರ. ಆ ಮನೆ ಅಣ್ಣಂಗೆ ಜ್ವರ ಬಂದಾಗ ಎಲ್ಲರನ್ನೂ ಒಳಗೇ ಇಟ್ಟು ಬಾಗಿಲು ಹಾಕಿದ್ರು, ಅಲ್ವಾ?”

ಯಾರಿಗೂ ತಲೆಬುಡ ಅರ್ಥವಾಗಲಿಲ್ಲ. ಅಷ್ಟರಲ್ಲಿ ಗುಬ್ಬಿಯೇ ಮೂಗು ಮುಚ್ಚಿಕೊಂಡು ಕೂಗಿದಳು: “ಅಯ್ಯೋ ಅಜ್ಜೀ, ಹಾಲು ಸೀದುಹೋಯ್ತು! ಗಬ್ಬು ವಾಸನೆ!”

ಮೂವರೂ ಅವಳತ್ತ ತಿರುಗಿದರು. ಗುಬ್ಬಿ ನಾಲಿಗೆ ಕಚ್ಚಿಕೊಂಡಳು.

“ಸುಳ್ಳಿ! ಎದೆ ಒಡೆಸಿಬಿಟ್ಟಿಯಲ್ಲೇ!” ಅಜ್ಜಿ ಹೊಡೆಯಲು ಕೈ ಎತ್ತಿದಳು. ತಾಯಿ ಆ ಕೈಯನ್ನು ಹಿಡಿದುಕೊಂಡಳು.

“ಯಾಕೆ ಹೇಳಿದೆ ಪುಟ್ಟಾ ಹಾಗೆ?”

“ಜ್ವರ ಬಂದ್ರೆ ಅಪ್ಪ ಒಳಗೆ ಬರ್ತಾನೆ...” ಮಗು ಬಿಕ್ಕಿತು. “ಅಜ್ಜಿ ಪ್ರತಿ ಸಲಾನೂ ಅಪ್ಪಂಗೆ ನೀರು ಹಾಕ್ತಾಳೆ. ಅಪ್ಪ ಏನು ಗಿಡಾನಾ?”

ಆಂಬುಲೆನ್ಸ್‌ನಲ್ಲಿ ಎಷ್ಟೋ ಜನರ ಕೊನೆಯುಸಿರು ಕೇಳಿಯೂ ಕಣ್ಣೀರು ಹಾಕದೆ ಗಾಡಿ ಓಡಿಸಿದ ಗಂಡಸು, ಗೋಡೆಗೆ ಒರಗಿ ನೆಲದ ಮೇಲೆ ಕುಳಿತು ಗೋಳೋ ಎಂದು ಅತ್ತುಬಿಟ್ಟ! ಅಜ್ಜಿ ಅಡುಗೆಮನೆಗೆ ಹೋದವಳು, ಒಲೆ ಆರಿಸಿ, ಸೀದ ಪಾತ್ರೆಯನ್ನು ತಿಕ್ಕುತ್ತಾ ಅಲ್ಲೇ ಉಳಿದಳು.

ಮರುದಿನ ಹೊಲಿಗೆ ಯಂತ್ರಕ್ಕೆ ಒರಗಿಸಿದ ಫೋನಿನಲ್ಲಿ ಜಡ್ಜ್ ಮೇಡಂ ಕಾಣಿಸಿಕೊಂಡರು. ಇನ್ನೊಂದು ಚೌಕದಲ್ಲಿ ಗಂಡ, ಮತ್ತೊಂದರಲ್ಲಿ ವಕೀಲರು. ವಕೀಲರು ಬಾಯಿ ತೆರೆಯುವ ಮೊದಲೇ ಅವಳು ಹೇಳಿದಳು:

“ಮೇಡಂ, ನಮಗೆ ಒಟ್ಟಿಗೆ ಬಾಳೋಕಾಗಲ್ಲ. ನಿನ್ನೆ ಒಂದೇ ಕೋಣೇಲಿ ನಿಂತ ತಕ್ಷಣ ಮತ್ತೆ ಕಚ್ಚಾಡಿದ್ವಿ. ಮದುವೆ ಮುಗೀತು. ಆದ್ರೆ ಇವರು ನನ್ನ ಮಗಳ ಅಪ್ಪ, ಅದು ಮುಗಿದಿಲ್ಲ. ಭಾನುವಾರ ಹೋಗೋದನ್ನ ನಿಲ್ಲಿಸಬೇಡಿ.”

“ಏನಮ್ಮಾ ಇದು, ನಾವು ಮಾತಾಡಿದ್ದೇ ಬೇರೆ...” ಎಂದರು ವಕೀಲರು.

“ನೀವು ಸುಮ್ನಿರಿ ಸಾರ್!”

ಗಂಡ ತಲೆ ತಗ್ಗಿಸಿ ಕೈ ಮುಗಿದ.

ಮುಂದಿನ ಭಾನುವಾರ ಅವನು ಅಭ್ಯಾಸದಂತೆ ಗೇಟಿನಾಚೆಯೇ ನಿಂತ. ಅಜ್ಜಿ ಬಕೆಟ್ ಹಿಡಿದು ಹೊರಗೆ ಬಂದಳು. ಅವನು ಎರಡು ಹೆಜ್ಜೆ ಹಿಂದೆ ಸರಿದ. ಅವಳು ಬಕೆಟ್ಟನ್ನು ಮೆಟ್ಟಿಲ ಮೇಲಿಟ್ಟಳು, ಪಕ್ಕದಲ್ಲಿ ಸೋಪು, ಒಗೆದ ಟವೆಲು. ಗೇಟಿನ ಅಗಳಿ ತೆಗೆದಳು.

“ಕೈ ತೊಳ್ಕೊಂಡು ಒಳಗೆ ಬಾ. ಗುಬ್ಬಿ ಇನ್ನೂ ಚಪ್ಪಲಿ ಹುಡುಕ್ತಾ ಇದಾಳೆ,” ಎಂದಳು, ಮುಖ ನೋಡದೆ.

ಅಪ್ಪನ ಕೈ ಹಿಡಿದು ಹೊರಡುವಾಗ ಗುಬ್ಬಿ ತಿರುಗಿ ಕೇಳಿದಳು: “ಅಮ್ಮಾ, ಹಾಗಾದ್ರೆ ಎಲ್ಲರನ್ನೂ ಒಳಗಿಟ್ಟು ಬಾಗಿಲು ಹಾಕೋದೇ ಇಲ್ವಾ?”

“ಇಲ್ಲ ಪುಟ್ಟಾ. ತೆಗೆದೇ ಇರುತ್ತೆ.”

ಅವರು ತಿರುವು ದಾಟುವವರೆಗೂ ತಾಯಿ ನೋಡುತ್ತ ನಿಂತಳು. ಆಮೇಲೆ ಯಂತ್ರದ ಮುಂದೆ ಕುಳಿತಳು. ಸೂಜಿಗೆ ದಾರ ಪೋಣಿಸಲು ಹೋದಳು. ಅವಳು ದಾರವನ್ನು ಹಾಗೇ ಬಿಟ್ಟು, ಗೇಟಿನ ಕಡೆ ನೋಡುತ್ತ ಕುಳಿತಳು.