ಓದದೆ ಬಿಟ್ಟ ಮೂರು ಸಾಲು

"ಯಾರ್ರಿ ನೀವು? ಯಾರನ್ನ ಕೇಳಿ ನಮ್ಮ ಪೋಸ್ಟಿನ ಬಾಗಲಾ ಅಳೀಲಾಕತ್ತೀರಿ?"

ನೀಲಮಳ ದನಿಗೆ ಆ ಮನುಷ್ಯ ಬೆಚ್ಚಿಬಿದ್ದ. ಕೈಯಲ್ಲಿದ್ದ ಸ್ಟೀಲ್ ಟೇಪು ಸರ‍್ರನೆ ಒಳಗೆ ಸೇರಿ ಅವನ ಬೆರಳನ್ನೇ ಕಚ್ಚಿತು.

"ಅಯ್ಯಯ್ಯೋ...!"

"ಮನಿ ಮಾಲಕರು ಕಳಿಸ್ಯಾರೇನು? ಪೋಸ್ಟ್ ಖಾಲಿ ಮಾಡಸಾಕ?"

"ಇಲ್ರಿ ಬಾಯಾರ, ಹಂಗೇನಿಲ್ರಿ... ನನಗ... ಹದಿನೈದು ಕಾರ್ಡ್ ಬೇಕಾಗಿದ್ದೂರಿ!"

ಕಾರ್ಡ್ ಬೇಕಾದವನು ಬಾಗಿಲು ಅಳೆಯುತ್ತಾನೆಯೇ? ನೀವೇ ಹೇಳಿ! ಆದರೆ ನೀಲಮ ಅದನ್ನು ಕೇಳಲಿಲ್ಲ. ಹದಿನೈದು ಪೋಸ್ಟ್ ಕಾರ್ಡ್ ಎಂದ ಕೂಡಲೇ ಅವಳ ಸಿಟ್ಟು ಮರೆತೇಹೋಯಿತು. ಈ ಕಾಲದಲ್ಲಿ ಒಂದು ಕಾರ್ಡ್ ಕೇಳುವವರೇ ಇಲ್ಲ...

ಅವಳು ಕೃಷ್ಣೆಯ ದಂಡೆಯ ಸತ್ತಿಯವಳು. ಬೋರಗಾಂವದ ಆಚೆಗಿರುವ ಈ ಸಣ್ಣ ಊರಿನ ಪೋಸ್ಟಿಗೆ ಬಂದು ಎಂಟು ತಿಂಗಳಾಗಿತ್ತು. ಒಂದು ಕೋಣೆ, ಒಂದು ಮೇಜು, ನೀಲಿ ಬಾಗಿಲು. ಠಸ್ಸೆ ಹೊಡೆಯುವವಳೂ ಅವಳೇ, ಮನೆ ಮನೆಗೆ ಕಾಗದ ಕೊಡುವವಳೂ ಅವಳೇ.

"ಇಷ್ಟು ಕಾರ್ಡ್ ಯಾರಿಗ್ರಿ? ಮೊಬೈಲ್ ಇಲ್ಲೇನು?"

"ಐತ್ರಿ. ದೀಪಾವಳಿಗೆ ಮಗ್ಗ ಬಂದ್ ಇಡ್ತಾರ, ಹೊಸಾ ಮಷೀನ್ ಕುಂಡ್ರಸ್ತಾರ. ಇಪ್ಪತ್ತು ದಿನ ಸೂಟಿ. ಊರೂರು ತಿರಗಾಕ ಹೊಂಟೇನಿ. ಫೋನಿನ್ಯಾಗ ಆಡಿದ ಮಾತು ಇಟ್ಟಕೂಡ್ಲೇ ಹೋಗಿಬಿಡ್ತೈತಿ, ಕಾರ್ಡ್ ಆದ್ರ ತಲಿದಿಂಬಿನ ಬುಡಕ ಇಟ್ಕೋತೇನಿ ಅಂತಾಳ್ರಿ ನಮ್ಮ ಆಯಿ."

"ಆಯಿಗೆ ಓದಾಕ ಬರ್ತೈತಿ?"

"ಇಲ್ರಿ..." ಅವನ ಕಿವಿ ಕೆಂಪಾದವು. "ನೀವ ಓದಿ ಹೇಳಬೇಕ್ರಿ."

ಹೇಳಿದವನೇ ಹೊಸ್ತಿಲು ಎಡವಿಕೊಂಡು ಹೊರಟುಹೋದ. ಅವನ ಹೆಸರು ವಿಶ್ವಾಸ ಎಂದು ಅವಳಿಗೆ ಗೊತ್ತಾಗಿದ್ದು ಮೊದಲನೆಯ ಕಾರ್ಡ್ ಬಂದಾಗ.

---

"ಆಯಿ, ಕೊಲ್ಲಾಪೂರ ಆರಾಮ ಮುಟ್ಟೇನಿ. ಕಿಡಕಿ ಸೀಟು ಸಿಕ್ಕಿತ್ತು. ಗುಳಿಗಿ ತಪ್ಪಿಸಬ್ಯಾಡ. ಕಾರ್ಡ್ ಓದಿದವ್ರಿಗೆ ಚಹಾ ಕುಡಿಸಿ ಕಳಸು. ನಿನ್ನ ವಿಶ್ವಾಸ."

ಜನಾಬಾಯಿ ಕಾರ್ಡನ್ನು ಕಣ್ಣಿಗೊತ್ತಿಕೊಂಡಳು. ಮಗಳು ತೀರಿಕೊಂಡ ಮೇಲೆ ಈ ಮೊಮ್ಮಗನನ್ನು ಬೆಳೆಸಿದವಳು ಅವಳೇ.

"ಕುಂಡ್ರು ಬಾಳಾ, ಚಹಾಕ್ಕ ಇಡ್ತೇನಿ," ಎಂದಳು, ಮಗುವನ್ನು ಕರೆದಂತೆ.

ಕುಳಿತ ನೀಲಮಳ ಕಣ್ಣು ಗೋಡೆಯಲ್ಲಿ ಕೊರೆದ ಮಾಡದ ಮೇಲೆ ಹೋಯಿತು. ಅಬ್ಬಾ! ಕಡ್ಡಿಪೆಟ್ಟಿಗೆಯ ಕಡ್ಡಿಗಳಿಂದ ಕಟ್ಟಿದ ಹೊಳೆಯ ಸೇತುವೆ, ಅಂಗೈಯಷ್ಟು ಕೆಂಪು ಬಸ್ಸು, ನೂಲು ಸುತ್ತುವ ಕಾಗದದ ಕೊಳವೆಗಳಿಂದ ಮಾಡಿದ ಮಗ್ಗ... ಮಗ್ಗದಲ್ಲಿ ನಿಜವಾದ ದಾರ!

"ಎಲ್ಲಾ ಅವನ ಉಪದ್ವ್ಯಾಪ!" ಎಂದಳು ಜನಾಬಾಯಿ. "ಯಾರರೇ ಲಗ್ನಪತ್ರಿಕೆ ಕೊಟ್ರ ಓದೂಕಿಂತ ಮೊದಲ ಕತ್ತರಿ ಹಚ್ಚತಾನ. ಯಾರ ಲಗ್ನಾ, ಯಾವಾಗ ಲಗ್ನಾ, ಏನೂ ಗೊತ್ತಾಗೂದಿಲ್ಲ ನಮಗ!"

ನೀಲಮ ನಕ್ಕಳು. ಆ ನಗು ಅವಳು ಸೈಕಲ್ ತುಳಿದು ಪೋಸ್ಟಿಗೆ ಬರುವ ತನಕ ಮುಖದಲ್ಲೇ ಇತ್ತು.

ಎರಡನೆಯ ಕಾರ್ಡು ಪನ್ಹಾಳ ಕೋಟೆಯಿಂದ. ಮೂರನೆಯದು ರತ್ನಾಗಿರಿಯಿಂದ.

"ಆಯಿ, ಸಮುದ್ರ ನೋಡಿದೆ. ನಮ್ಮ ದೂಧಗಂಗಾ ಹೊಳಿಗೆ ಆಚೀ ದಂಡಿ ಐತಿ, ಇದಕ್ಕ ಇಲ್ಲ. ಕಾರ್ಡ್ ಓದಿದವ್ರು ಸಮುದ್ರ ನೋಡ್ಯಾರೋ ಇಲ್ಲೋ, ಕೇಳು."

"ನೋಡಿಯೇನವಾ?"

"ಇಲ್ಲ ಆಯಿ..."

'ಇಷ್ಟು ದೂರ ಹೋಗಿ ನನ್ನ ಸುದ್ದಿ ಯಾಕ ಕೇಳ್ತಾನ ಇವ?' ಬೆಳಿಗ್ಗೆ ಟಪಾಲು ಚೀಲ ಬಂದರೆ ಅವಳ ಕೈ ಮೊದಲು ಕಾರ್ಡನ್ನೇ ಹುಡುಕತೊಡಗಿತು. ಅದರ ಅಂಚಿನಲ್ಲಿ ಅವನು ಬರೆದ ಪುಟ್ಟ ಚಿತ್ರ ಇರುತ್ತಿತ್ತು. ಒಂದು ದೋಣಿ, ಒಂದು ರೈಲು. ನಿಜ ಹೇಳಬೇಕೆಂದರೆ ಅವಳು ಪ್ರೀತಿಯಲ್ಲಿ ಬಿದ್ದಿದ್ದಳು! ಅದೂ ಒಮ್ಮೆ ಬೈದು, ಒಮ್ಮೆ ಕಾರ್ಡ್ ಮಾರಿದ ಮನುಷ್ಯನ ಮೇಲೆ.

ಆದರೆ ಆರನೆಯ ಕಾರ್ಡಿನಲ್ಲಿ ಒಂದು ಹೆಸರು ಬಂತು.

"ಮಾಮಾನ ಮನ್ಯಾಗ ಇದ್ದೇನಿ. ಸಪನಾ ನನ್ನ ಬಿಟ್ಟು ಊಟಕ್ಕೂ ಏಳವಲ್ಲಳು. ಇಬ್ರೂ ಕೂಡಿ ಹಡಗ ಕಟ್ಟಾಕತ್ತೇವಿ."

ಜನಾಬಾಯಿ ಬೊಚ್ಚು ಬಾಯಿ ತೆರೆದು ನಕ್ಕಳು. "ನನ್ನ ಮಗನ ಮಗಳವಾ. ಅವಂಗ ತಕ್ಕ ಜೋಡಿ!"

ಸೋದರಮಾವನ ಮಗಳು! ನಮ್ಮ ಕಡೆ ಇನ್ನು ಕೇಳುವುದೇನು? ಮಾವನ ಮಗಳೆಂದರೆ ಹುಟ್ಟಿದಾಗಲೇ ಅರ್ಧ ಲಗ್ನ ಆದಂತೆ. ಅಂದಿನ ಚಹಾವನ್ನು ನೀಲಮ ಅರ್ಧಕ್ಕೇ ಬಿಟ್ಟು ಎದ್ದಳು.

---

ಏಳನೆಯ ಕಾರ್ಡನ್ನು ಅವಳು ದಾರಿಯಲ್ಲಿ ಓದಲಿಲ್ಲ. ಜನಾಬಾಯಿಯ ಕಟ್ಟೆಯ ಮೇಲೆ ಕುಳಿತೇ ಓದತೊಡಗಿದಳು.

"ಆಯಿ, ಐತವಾರ ಬರ್ತೇನಿ. ಇಲ್ಲೆ ಥಂಡಿ ಭಾಳ ಇಲ್ಲ..."

ಮುಂದಿನ ಸಾಲಿಗೆ ಬಂದು ಅವಳು ಓದುವುದನ್ನು ನಿಲ್ಲಿಸಿದಳು. ಅಲ್ಲಿ ಹೀಗಿತ್ತು:

'ನಾ ಒಂದು ಹುಡುಗೀನ ಮೆಚ್ಚೇನಿ. ಯಾರಂತ ಮಾಡದ ಮ್ಯಾಲಿನ ಮಿಠಾಯಿ ಡಬ್ಬಿ ತಗದ್ರ ಗೊತ್ತಾಕ್ಕೈತಿ. ನಿನಗ ಪಸಂದ್ ಇದ್ರ ಅದನ್ನ ಕಿಡಕ್ಯಾಗ ಇಡು, ಇಡಲಿಲ್ಲಂದ್ರ ನಾ ಈ ಮಾತು ಮತ್ತ ಎತ್ತೂದಿಲ್ಲ.'

'ಸಪನಾಳ ಫೋಟೋ ಇರಬೇಕು ಡಬ್ಬಿಯಲ್ಲಿ... ಅದನ್ನು ನಾನೇ, ನನ್ನ ಬಾಯಿಂದಲೇ ಓದಬೇಕೇ ದೇವರೇ?'

"ಮುಂದ ಓದು ಬಾಳಾ."

"...ಮುಂದ... ನಿನ್ನ ವಿಶ್ವಾಸ. ಅಷ್ಟ ಐತಿ ಆಯಿ."

ಮೂರು ಸಾಲು. ನುಂಗಿಬಿಟ್ಟಳು.

ಚಹಾಕ್ಕೂ ನಿಲ್ಲದೆ ಓಡಿಬಂದಳು. 'ಅಯ್ಯೋ, ಏನು ಮಾಡಿದೆ ನಾನು! ಅಕ್ಷರ ಬರದ ಮುದುಕಿ ನನ್ನನ್ನು ನಂಬಿ ಕೇಳುತ್ತ ಕುಳಿತಿದ್ದಳು...' ಎರಡು ಸಲ ಹಿಂದಿರುಗಿ ಹೊರಟಳು. ಎರಡೂ ಸಲ ಅರ್ಧ ದಾರಿಯಿಂದ ವಾಪಸ್ ಬಂದಳು.

---

ಸೋಮವಾರ ಮುಂಜಾನೆ ವಿಶ್ವಾಸ ಪೋಸ್ಟಿಗೆ ಬಂದ. ಮುಖ ಬಾಡಿತ್ತು. ಅವಳ ಕಡೆ ನೋಡದೆ ಎಂಟು ಖಾಲಿ ಕಾರ್ಡುಗಳನ್ನು ಮೇಜಿನ ಮೇಲಿಟ್ಟ.

"ಇವನ್ನ ವಾಪಸ್ ತಗೋತೀರೇನ್ರಿ?"

"ಯಾಕ್ರಿ...?"

"ಬರಿಯೂದು ಮುಗೀತ್ರಿ. ನಾಳೆ ಇಚಲಕರಂಜಿಗೆ ಹೊಂಟೇನಿ. ಅಲ್ಲೆ ಬ್ಯಾರೆ ಮಗ್ಗದ ಕೆಲಸ ಐತಿ. ತಿಂಗಳಿಗೊಮ್ಮೆ ಬರ್ತೇನಿ, ಆಯಿ ನೋಡಾಕ."

ಅವನ ಕಣ್ಣಂಚು ಒದ್ದೆಯಾಗಿತ್ತು. ನಿನ್ನೆ ಬಸ್ಸಿಳಿದವನು ಮನೆಯ ಕಿಟಕಿ ನೋಡಿದ್ದಾನೆ. ಖಾಲಿ ಕಿಟಕಿ! ಆಯಿ ಒಲ್ಲೆ ಎಂದಳೆಂದು ತಿಳಿದು, ಕೊಟ್ಟ ಮಾತಿನಂತೆ ಬಾಯಿ ಮುಚ್ಚಿಕೊಂಡಿದ್ದಾನೆ.

ನೀಲಮಳಿಗೆ ತನ್ನ ಮೇಲೇ ಅಸಹ್ಯವಾಯಿತು. 'ಅವನು ಯಾರನ್ನಾದರೂ ಮಾಡಿಕೊಳ್ಳಲಿ... ನನ್ನಿಂದ ಅವನ ಬದುಕು ಕೆಡುವುದು ಬೇಡ.' ಊರವರಿಗೆ ಗೊತ್ತಾದರೆ ಇನ್ನು ಯಾರೂ ಅವಳ ಕೈಗೆ ಕಾಗದ ಕೊಟ್ಟು ಓದು ಎನ್ನುವುದಿಲ್ಲ. ಆದರೂ ಸರಿ!

ಅವಳು ಕಾರ್ಡುಗಳನ್ನು ಅವನ ಕೈಗೇ ವಾಪಸ್ ಕೊಟ್ಟು, ಬಾಗಿಲಿಗೆ ಕೀಲಿ ಹಾಕಿದಳು.

"ನಡೀರಿ ನಿಮ್ಮ ಮನೀಗೆ. ಒಂದು ಕಾರ್ಡ್ ಓದೂದು ಉಳದೈತಿ."

---

"ಆಯಿ, ಏಳನೇ ಕಾರ್ಡ್ ಕೊಡ್ರಿ."

ಜನಾಬಾಯಿ ದಿಂಬಿನ ಕೆಳಗಿನಿಂದ ತೆಗೆದುಕೊಟ್ಟಳು. ನೀಲಮ ನಿಂತುಕೊಂಡೇ ಓದಿದಳು. ಮೊದಲ ಅಕ್ಷರದಿಂದ ಕೊನೆಯವರೆಗೆ, ಒಂದೂ ಬಿಡದೆ. ಹುಡುಗಿ, ಡಬ್ಬಿ, ಕಿಟಕಿ... ಕಣ್ಣೀರು ಕಾರ್ಡಿನ ಮೇಲೆ ಬಿದ್ದು ಒಂದು ದೋಣಿ ಅಳಿಸಿಹೋಯಿತು.

ವಿಶ್ವಾಸ ಕಾರ್ಡನ್ನೂ ಆಯಿಯನ್ನೂ ನೋಡಿದ. "ಅಂದ್ರ... ಆಯಿಗೆ ಇದು ಗೊತ್ತ ಇರಲಿಲ್ಲೇನು?"

"ಹೆಂಗ ಗೊತ್ತಾಗಬೇಕ್ರಿ? ನಾ ಓದಲಿಲ್ಲ. ತಪ್ಪು ನಂದು. ಆಯಿ, ನೀವು ಏನ್ ಬೈತೀರಿ ಬೈರಿ."

ಜನಾಬಾಯಿ ಬೈಯಲಿಲ್ಲ. ಅವಳ ಗದ್ದ ಹಿಡಿದೆತ್ತಿ ನೋಡಿದಳು.

"ಯಾಕ ಓದಲಿಲ್ಲವಾ?"

ನೀಲಮ ಮುಖ ತಿರುಗಿಸಿಕೊಂಡಳು.

"ಹೇಳು."

"ನನ್ನ ಕಡಿಂದ ಆಗಲಿಲ್ಲ ಆಯಿ!" ಎಂದು ನೀಲಮ ಬಿಕ್ಕಿದಳು. "ಮತ್ತೊಬ್ಬಾಕಿ ಸುದ್ದಿ ನಾ ಹೆಂಗ ಓದ್ಲಿ...?"



"ಮತ್ತೊಬ್ಬಾಕಿ?" ವಿಶ್ವಾಸ ಒಂದು ಹೆಜ್ಜೆ ಮುಂದೆ ಬಂದ. "ಯಾರ್ರಿ?"

"ಸಪನಾ..."

ಜನಾಬಾಯಿ ಹಣೆ ಬಡಿದುಕೊಂಡಳು. "ಯವ್ವಾ ನನ್ನ ಬಾಳಾ! ಸಪನಾ ಇನ್ನೂ ಸಾಲಿ ಮೂರನೇ ಇಯತ್ತೆಯಾಗ ಅದಾಳ. ಮುಂದಿನ ಎರಡು ಹಲ್ಲ ಬಿದ್ದಾವ ಅಕೀದು!"

ನೀಲಮಳಿಗೆ ನೆಲ ಬಿರಿದು ಒಳಗೆ ಹೋದರೆ ಸಾಕೆನಿಸಿತು.

ಅಷ್ಟರಲ್ಲಿ ಜನಾಬಾಯಿ ಮಣೆ ಹತ್ತಿ ಡಬ್ಬಿ ಇಳಿಸಿದ್ದಳು. ಮುಚ್ಚಳ ತೆಗೆದಳು.

ಒಳಗೆ ಒಂದು ಪುಟ್ಟ ಪೋಸ್ಟ್ ಆಫೀಸು! ನೀಲಿ ಬಾಗಿಲು, ಹೊರಗೆ ಹೆಬ್ಬೆರಳಷ್ಟು ಕೆಂಪು ಟಪಾಲು ಡಬ್ಬಿ, ಗೋಡೆಗೆ ಒರಗಿಸಿದ ತಂತಿಯ ಸೈಕಲ್ಲು. ಬಾಗಿಲಿನ ಎಡ ಮೂಲೆಯಲ್ಲಿ ಬಣ್ಣ ಕಿತ್ತ ಜಾಗವೂ ಹಾಗೇ ಇತ್ತು. ಒಳಗಿನ ಮೇಜಿನ ಹಿಂದೆ, ಸೊಂಟದ ಮೇಲೆ ಕೈಯಿಟ್ಟು ಯಾರನ್ನೋ ಬೈಯುತ್ತಿರುವ ಬೆರಳುದ್ದದ ಹುಡುಗಿ.

"ಇದು... ಇದು ನಮ್ಮ ಪೋಸ್ಟು!"

"ಹೂಂನ್ರಿ. ನೇರ ನಿಮಗ ಒಂದು ಕಾರ್ಡ್ ಹಾಕಾಕ ನನಗ ಧೈರ್ಯ ಸಾಲಲಿಲ್ಲ. ಆಯಿಗೆ ಬರದ್ರ ನೀವ ಓದ್ತೀರಂತ ಗೊತ್ತಿತ್ತು. ಏಳೂ ಕಾರ್ಡ್ ನಿಮಗ ಬರದದ್ದ್ರಿ." ಅವನು ತಲೆ ತಗ್ಗಿಸಿದ. "ಅವತ್ತು ಬಾಗಲಾ ಅಳದದ್ದೂ ಇದಕ್ಕ. ಒಳಗಿನ ಆ ಹುಡುಗಿ ಮಾತ್ರ ನೀವು ಹೊರಗ ಬಂದು ಬೈದ ಮ್ಯಾಲೆ ತಯಾರಾದ್ಲು."

ನೀಲಮ ಅಳುತ್ತಲೇ ನಕ್ಕುಬಿಟ್ಟಳು.

"ನಿಮ್ಮ ಮಾತು ನೀವ ಹೇಳ್ಕೊಳ್ರಿ, ನನ್ನ ಕೆಲಸಾ ನಂದು," ಎನ್ನುತ್ತ ಜನಾಬಾಯಿ ಆ ಪೋಸ್ಟನ್ನು ಎರಡೂ ಕೈಯಲ್ಲಿ ಹಿಡಿದು, ಹುಷಾರಾಗಿ ಹೆಜ್ಜೆಯಿಟ್ಟು ಹೋಗಿ ಕಿಟಕಿಯಲ್ಲಿ ಇಟ್ಟಳು. ರಸ್ತೆಯಿಂದ ಕಾಣುವಂತೆ ಬಾಗಿಲನ್ನು ಹೊರಗೆ ತಿರುಗಿಸಿದಳು. ಆಮೇಲೆ ಚಹಾಕ್ಕೆ ಇಡಲು ಒಳಗೆ ಹೋದಳು. ಇವತ್ತು ಅದು ಕುದಿಯಲು ಯಾಕೋ ಬಹಳ ಹೊತ್ತಾಯಿತು!

"ಇಚಲಕರಂಜಿ?" ಎಂದಳು ನೀಲಮ ಮೆಲ್ಲಗೆ.

"ಯಾರ್ ಹೊಂಟಾರ್ರಿ ಅಲ್ಲಿಗೆ?" ಅವನು ನಕ್ಕ. ಕಿಸೆಯಿಂದ ಎಂಟು ಕಾರ್ಡ್ ತೆಗೆದ. "ಇವನ್ನೇನ್ ಮಾಡೂದ್ರಿ? ವಾಪಸ್ ತಗೋತೀರಿ?"

"ಒಮ್ಮೆ ಮಾರಿದ್ದು ನಾವು ವಾಪಸ್ ತಗೊಳ್ಳೂದಿಲ್ಲ. ಬರೀರಿ."

"ಯಾರಿಗೆ?"

"ಸತ್ತಿಗೆ... ನಮ್ಮ ಅಪ್ಪಗ." ಅವಳು ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು. "ಅವಂಗೂ ಓದಾಕ ಬರೂದಿಲ್ಲ. ಅಲ್ಲೆ ಟಪಾಲು ತರೂವ್ರು ಭೀಮಗೊಂಡ ಕಾಕಾ. ಓಣಿಗೆಲ್ಲಾ ಕೇಳೂವಂಗ ಓದ್ತಾರ, ಒಂದು ಸಾಲೂ ಬಿಡೂದಿಲ್ಲ. ನೋಡ್ಕೊಂಡ ಬರೀರಿ ಮತ್ತ!"

"ಏನಂತ ಬರೀಲ್ರಿ?"

ನೀಲಮ ಕಿಟಕಿಯಲ್ಲಿದ್ದ ಬೆರಳುದ್ದದ ಹುಡುಗಿಯನ್ನು ನೋಡಿದಳು. ಆಮೇಲೆ ಅವನನ್ನು.

"ನಿಮ್ಮ ಮಗಳು ಇನ್ನೂ ಸಮುದ್ರ ನೋಡಿಲ್ಲಂತ, ನಾ ಕರಕೊಂಡ ಹೋಗ್ಲ್ಯಾ ಅಂತ ಬರೀರಿ."