ಗೋಡೆಯ ಮೇಲಿನ ಐದು ಅಕ್ಷರ

ರಹಮತುಲ್ಲಾನ ತಲೆ ಜಜ್ಜಿಹೋಗಿತ್ತು. ಓದುವ ಕೋಣೆಯ ಕಾರ್ಪೆಟ್ಟಿನ ಮೇಲೆ ಬೋರಲಾಗಿ ಬಿದ್ದಿದ್ದ. ಏಟಿಗೆ ಅಡ್ಡ ಹಿಡಿದ ಕೈಯ ಮೂಳೆ ಮುರಿದು ತಿರುಚಿಕೊಂಡಿತ್ತು. ಕಂಪ್ಯೂಟರನ್ನು ಸುತ್ತಿಗೆಯಿಂದ ಪುಡಿ ಮಾಡಲಾಗಿತ್ತು. ಎದುರಿನ ಬಿಳಿ ಗೋಡೆಯ ಮೇಲೆ, ಅವನದೇ ರಕ್ತದಲ್ಲಿ, ಐದು ಅರಬ್ಬಿ ಅಕ್ಷರಗಳು.

2006ರ ಅಕ್ಟೋಬರ್. ಅಮೆರಿಕದ ಸ್ಯಾನ್ ಡಿಯೇಗೋದ ಯೂನಿವರ್ಸಿಟಿ ಸಿಟಿ ಬಡಾವಣೆ. ಮಧ್ಯಾಹ್ನ ಲ್ಯಾಬ್‌ನಿಂದ ಬಂದ ಹೆಂಡತಿ ಅಮ್ನಾ ಹಾಲ್‌ನಿಂದಲೇ ಗಂಡನ ಕಾಲುಗಳನ್ನೂ ರಕ್ತವನ್ನೂ ಕಂಡು ಹೊರಗೆ ಓಡಿದ್ದಳು.

ಪೊಲೀಸ್ ಡಿಟೆಕ್ಟಿವ್ ಗೌಹರ್ ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಹುಟ್ಟಿ, ಹುಡುಗಿಯಾಗಿದ್ದಾಗಲೇ ಅಮೆರಿಕಕ್ಕೆ ಬಂದವಳು. ಅವಳಿಗೆ ಉರ್ದು ಓದಲು ಬರುತ್ತಿತ್ತು. ಬಲದಿಂದ ಎಡಕ್ಕೆ ಓದಿ ನೋಡಿದಳು. ಅರ್ಥವಾಗಲಿಲ್ಲ. ಜೊತೆಗೆ ಬಂದ ಫೆಡರಲ್ ಅಧಿಕಾರಿ ಅದು ಯಾವುದೋ ಉಗ್ರ ಸಂಘಟನೆಯ ಹೆಸರಿನ ಮೊದಲಕ್ಷರಗಳಿರಬೇಕು ಎಂದ. ಗೋಡೆಯ ಸಂಗತಿ ಹೊರಗೆ ಹೋಗಬಾರದೆಂದು ಗೌಹರ್ ಎಲ್ಲರಿಗೂ ತಾಕೀತು ಮಾಡಿದಳು. ಆದರೂ ಮರುದಿನದ ಪತ್ರಿಕೆಯಲ್ಲಿ ಗೋಡೆಯ ಮೇಲೆ ವಿದೇಶಿ ಲಿಪಿಯ ಬರಹವಿತ್ತೆಂಬ ಒಂದು ಸಾಲು ಬಂದೇಬಿಟ್ಟಿತು.

ಬಾಗಿಲು ಒಡೆದಿರಲಿಲ್ಲ. ಅಡುಗೆಮನೆಯಲ್ಲಿ ಎರಡು ಚಹಾ ಕಪ್‌ಗಳಿದ್ದವು. ಬಂದವನನ್ನು ರಹಮತುಲ್ಲಾನೇ ಒಳಗೆ ಕರೆದು ಕೂರಿಸಿದ್ದ.

* * *

ರಹಮತುಲ್ಲಾ ಸೊಮಾಲಿಯಾದ ಯುದ್ಧದ ಬಗ್ಗೆ ಸಂಶೋಧನೆ ಮಾಡುತ್ತಿದ್ದ. ನೆಲೆಯೂರಿದ ಸರ್ಕಾರವೇ ಇಲ್ಲದ ಆ ನಾಡಿಗೆ ಯಾವ ಯಾವ ದೇಶ ಆಯುಧ ನುಗ್ಗಿಸುತ್ತಿದೆ ಎಂಬುದು ಅವನ ವಿಷಯ. ಅದರ ರಾಜಧಾನಿ ಮೊಗದಿಶುವಿನಿಂದ ಹಿಂತಿರುಗಿ ಹೆಚ್ಚು ದಿನವಾಗಿರಲಿಲ್ಲ.

ಅವನ ದುಭಾಷಿ ಫರಾಹ್, ಸಿಟಿ ಹೈಟ್ಸ್‌ನ ಸೊಮಾಲಿ ಮಸೀದಿಯಲ್ಲಿ ಮಕ್ಕಳಿಗೆ ಕುರಾನ್ ಕಲಿಸುವವನು. ಕೊಲೆಗೆ ಮುಂಚೆ ಆ ಮನೆಯಲ್ಲಿ ಫರಾಹ್ ಕೂಗಾಡಿದ್ದನ್ನು ಪಕ್ಕದವರು ಕೇಳಿದ್ದರು. ಅಷ್ಟು ಸಾಕಾಯಿತು. ಅವನ ಬಂಧನವಾಯಿತು. ಅದೇ ಸಂಜೆ ಯಾರೋ ಅವನ ಮನೆಯ ಕಿಟಕಿಗೆ ಪೆಟ್ರೋಲ್ ಬಾಟಲಿ ಎಸೆದರು. ಅವನ ಹೆಂಡತಿಯ ಎರಡೂ ಕೈ ಸುಟ್ಟವು.

* * *

ಗೌಹರ್ ಎರಡು ಗಂಟೆ ದೂರದ ಎಲ್ ಸೆಗುಂಡೋ ಊರಿಗೆ ಡ್ರೈವ್ ಮಾಡಿಕೊಂಡು ಹೋದಳು. ರಹಮತುಲ್ಲಾನ ಕಾಲೇಜು ಗೆಳೆಯ ಇಂದುಧರ ಅಲ್ಲಿ ಕತ್ತಲಲ್ಲಿ ನೋಡುವ ದುರ್ಬೀನುಗಳನ್ನು ತಯಾರಿಸುವ ಸಣ್ಣ ಕಂಪನಿ ನಡೆಸುತ್ತಿದ್ದ. ಬೆಂಗಳೂರಿನವನು. ಅತ್ತು ಅತ್ತು ಕಣ್ಣು ಕೆಂಪಾಗಿತ್ತು. ಗೌಹರ್ ಕನ್ನಡದಲ್ಲಿ ಮಾತಾಡಿದ ಕೂಡಲೇ ಅವನ ಮುಖ ಸಡಿಲವಾಯಿತು. ಅಂಥ ಊರಿಗೆ ಹೋಗಬೇಡವೆಂದು ಗೆಳೆಯನಿಗೆ ಎಷ್ಟೋ ಸಲ ಹೇಳಿದ್ದೆ ಎಂದ.

"ಆ ಜನಕ್ಕೆ ಮೊದ್ಲಿಂದ್ಲೂ ಅನುಮಾನ ಮೇಡಂ. ಗೋಡೆ ಮೇಲೂ ಜಾಸೂಸ್ ಅಂತಾನೇ ಬರ್ದು ಹೋಗಿದ್ದಾರಲ್ಲ."

ಗೌಹರ್ ತಲೆಯಾಡಿಸಿದಳು. ಪತ್ರಿಕೆಯವರು ಏನೋ ಊಹಿಸಿ ಬರೆದದ್ದನ್ನು ಓದಿರಬೇಕು ಎಂದುಕೊಂಡಳು.

* * *

ಮರುದಿನ ಬೆಳಿಗ್ಗೆ ಲಾಕಪ್ಪಿನಲ್ಲಿ ಫರಾಹ್‌ಗೆ ಗೋಡೆಯ ಫೋಟೋ ತೋರಿಸಿದಳು. ಅವನು ಬಹಳ ಹೊತ್ತು ನೋಡಿದ. ಇದು ಪದವೇ ಅಲ್ಲ ಎಂದ. ಅರಬ್ಬಿ ಬರೆಯುವ ಕೈ ಅಕ್ಷರಕ್ಕೆ ಅಕ್ಷರ ಕೂಡಿಸುತ್ತದೆ. ಇಲ್ಲಿ ಒಂದೊಂದೂ ಬೇರೆ ಬೇರೆ ನಿಂತಿವೆ. ತನ್ನ ಬಳಿ ಕಲಿಯುವ ಪುಟ್ಟ ಮಕ್ಕಳೂ ಹೀಗೆ ಬರೆಯುವುದಿಲ್ಲ.

ಜಗಳದ ಕಾರಣವನ್ನೂ ಹೇಳಿದ. ಮೊಗದಿಶುವಿನಲ್ಲಿ ಹೇಳಿಕೆ ಕೊಟ್ಟ ಸಾಕ್ಷಿಗಳ ಹೆಸರನ್ನು ರಹಮತುಲ್ಲಾ ಪ್ರಕಟಿಸುವವನಿದ್ದ. ಪ್ರಕಟಿಸಿದರೆ ಅವರನ್ನು ಕೊಲ್ಲುತ್ತಾರೆ ಎಂದು ಇವನು ಕೂಗಾಡಿದ್ದ. ಕೊನೆಗೆ ಹೆಸರುಗಳನ್ನು ಬಿಡಲು ರಹಮತುಲ್ಲಾ ಒಪ್ಪಿದ್ದ.

ಗೌಹರ್ ಫೋಟೋವನ್ನು ಮತ್ತೆ ಎತ್ತಿಕೊಂಡಳು. ಈ ಸಲ ಎಡದಿಂದ ಬಲಕ್ಕೆ, ಇಂಗ್ಲಿಷ್ ಓದುವ ಹಾಗೆ ಓದಿದಳು. ಜೀಮ್. ಅಲಿಫ್. ಸೀನ್. ವಾವ್. ಸೀನ್.

ಜಾಸೂಸ್. ಗೂಢಚಾರ.

ಇಂದುಧರ ಆಡಿದ ಪದ ಅದೇ. ಪತ್ರಿಕೆಯನ್ನು ತರಿಸಿ ಓದಿದಳು. ಆ ಪದ ಅದರಲ್ಲಿರಲಿಲ್ಲ. ಅಮ್ನಾಳಿಗೆ ಫೋನ್ ಮಾಡಿದಳು. ಅಮ್ನಾ ಗೋಡೆಯನ್ನು ನೋಡಿಯೇ ಇರಲಿಲ್ಲ. ಮತ್ತೊಂದು ಮಾತನ್ನೂ ಹೇಳಿದಳು: ಮೊಗದಿಶುವಿನಲ್ಲಿ ಒಬ್ಬ ಬಂಡುಕೋರನ ಹಣೆಗೆ ಕಟ್ಟಿದ್ದ ದುರ್ಬೀನನ್ನು ಕಂಡು ಗಂಡ ಬೆಚ್ಚಿದ್ದನಂತೆ. ಅದು ಎಲ್ಲಿ ತಯಾರಾದದ್ದೆಂದು ಅವನಿಗೆ ಗೊತ್ತಿತ್ತು. ಹೇಳುವ ಮುಂಚೆ ಒಬ್ಬನನ್ನು ಕೇಳಬೇಕು ಎಂದಿದ್ದನಂತೆ.

* * *

ಜೊತೆಗಾರ ಮೊರಾಲೆಸ್‌ನನ್ನು ಕರೆದುಕೊಂಡು ಹೋದಾಗ ಇಂದುಧರ ಕಂಪನಿಯ ಹಿತ್ತಲಲ್ಲಿ ಟ್ರಕ್ಕಿಗೆ ಪೆಟ್ಟಿಗೆ ತುಂಬಿಸುತ್ತಿದ್ದ. ಇವರನ್ನು ಕಂಡವನೇ ಸೊಂಟದಿಂದ ಪಿಸ್ತೂಲು ಎಳೆದ. ಮೊದಲ ಗುಂಡು ಮೊರಾಲೆಸ್‌ನ ಭುಜವನ್ನು ಸೀಳಿತು. ಎರಡನೆಯದು ಗೌಹರ್‌ಳ ಕಿವಿಯ ಪಕ್ಕ ಟ್ರಕ್ಕಿನ ಗಾಜು ಒಡೆಯಿತು. ಮೂರನೆಯದನ್ನು ಹಾರಿಸಲು ಗೌಹರ್ ಬಿಡಲಿಲ್ಲ. ಅವಳ ಗುಂಡು ಮಂಡಿಗೆ ಬಿತ್ತು. ಅವನು ಸಿಮೆಂಟಿನ ಮೇಲೆ ಉರುಳಿ ಚೀರತೊಡಗಿದ.

ಅವನ ಕೈಗೆ ಬೇಡಿ ಹಾಕಿ ಆಸ್ಪತ್ರೆಯ ಮಂಚಕ್ಕೆ ಬಿಗಿದಿದ್ದರು. ಗೌಹರ್ ಎದುರು ಕೂತಳು.

"ನೀವು ಜಾಸೂಸ್ ಅಂದಾಗ ಆ ಬರಹನ ನಮ್ಮಲ್ಲಿ ಒಬ್ರಿಗೂ ಓದೋಕಾಗಿರ್ಲಿಲ್ಲ. ಅರಬ್ಬಿ ಕಲಿಸೋ ಫರಾಹ್‌ಗೂ ಆಗ್ಲಿಲ್ಲ. ಅದರಲ್ಲೇನಿದೆ ಅಂತ ಆಗ ಗೊತ್ತಿದ್ದದ್ದು ಬರ್ದೋನಿಗೆ ಮಾತ್ರ, ಇಂದುಧರ್."

ಅವನು ಕಣ್ಣು ಮುಚ್ಚಿದ. ಆಮೇಲೆ ಒಂದೊಂದಾಗಿ ಒಪ್ಪಿಕೊಂಡ. ಆ ಪದವನ್ನು ಅರಬ್ಬಿಯಲ್ಲಿ ಹುಡುಕಿದ್ದ ಆಫೀಸಿನ ಹಳೆಯ ಕಂಪ್ಯೂಟರಿಗೆ ಆ ಲಿಪಿ ಕೂಡಿಸಲು ಬರುತ್ತಿರಲಿಲ್ಲ. ಅಕ್ಷರಗಳನ್ನು ಬಿಡಿಬಿಡಿಯಾಗಿ, ಹಿಂದುಮುಂದಾಗಿ ತೋರಿಸಿತ್ತು. ಅದನ್ನೇ ಚೀಟಿಯಲ್ಲಿ ಬರೆದೊಯ್ದು, ನೋಡಿಕೊಂಡು ಗೋಡೆಗೆ ಇಳಿಸಿದ್ದ. ದೂರು ಸೊಮಾಲಿಗಳ ಮೇಲೆ ಬೀಳಲಿ ಎಂದು. ರಕ್ತ ಹತ್ತಿದ ಸುತ್ತಿಗೆ ಅವನ ಕಾರಿನಲ್ಲೇ ಸಿಕ್ಕಿತು.

ದುರ್ಬೀನುಗಳು ಬೇಟೆಯ ಸಾಮಾನೆಂಬ ಹೆಸರಿನಲ್ಲಿ ಕೊಲ್ಲಿ ದೇಶವೊಂದರ ಬಂದರಿಗೆ ಹೋಗುತ್ತಿದ್ದವು. ಅಲ್ಲಿಂದ ಮೊಗದಿಶುವಿನ ಒಂದು ಬಂಡುಕೋರ ಪಡೆಗೆ. ಆ ಪಡೆಯನ್ನು ಸಾಕುತ್ತಿದ್ದದ್ದು ಬೇರೊಂದು ದೇಶ. ಅದಕ್ಕೆ ಸೊಮಾಲಿಯಾದ ಕಡಲತೀರ ಬೇಕಿತ್ತು. ಆ ದೇಶದವನೊಬ್ಬ ಬಂದು, ಗೆಳೆಯ ಬಾಯಿ ಬಿಟ್ಟರೆ ನಿನ್ನನ್ನೂ ಉಳಿಸುವುದಿಲ್ಲ ಎಂದಿದ್ದ.

"ರಹಮತುಲ್ಲಾ ನನ್ನನ್ನ ಬೈಲಿಲ್ಲ," ಎಂದ ಇಂದುಧರ. "ಚಹಾ ಮಾಡ್ಕೊಟ್ಟ. ನೀನೇ ಹೋಗಿ ಒಪ್ಕೋ, ನಾನೂ ಜೊತೇಲಿ ಬರ್ತೀನಿ ಅಂದ."

* * *

ಬಿಡುಗಡೆಯಾದ ಫರಾಹ್ ಹೆಂಡತಿಯನ್ನು ನೋಡಿಕೊಂಡು ಬಂದು, ಅಮ್ನಾಳ ಮನೆಯ ಬಾಗಿಲು ತಟ್ಟಿದ. ರಹಮತುಲ್ಲಾ ಮೊಗದಿಶುವಿನಲ್ಲಿ ಧ್ವನಿಮುದ್ರಿಸಿ ತಂದ ಟೇಪುಗಳು ಅವಳ ಲ್ಯಾಬ್‌ನಲ್ಲಿ ಉಳಿದಿದ್ದವು; ಅವನ್ನು ಮನೆಗೆ ತಂದಿದ್ದಳು. ಅನುವಾದ ಅರ್ಧಕ್ಕೆ ನಿಂತಿತ್ತು. ಹೆಸರುಗಳನ್ನು ಬಿಟ್ಟು ಉಳಿದದ್ದನ್ನು ಮುಗಿಸಿ ವಿಶ್ವಸಂಸ್ಥೆಗೆ ಕಳಿಸೋಣ ಎಂದಳು ಅಮ್ನಾ.

ಅಮ್ನಾಳನ್ನು ನೋಡಲು ಬಂದಿದ್ದ ಗೌಹರ್ ಗೋಡೆಗೊರಗಿ ನಿಂತು ಕೇಳಿದಳು. ಟೇಪಿನಲ್ಲಿ ಮುದುಕಿಯೊಬ್ಬಳ ದನಿ. ಫರಾಹ್ ನಿಲ್ಲಿಸಿ ನಿಲ್ಲಿಸಿ ಹೇಳುತ್ತಿದ್ದ.

"ಕಗ್ಗತ್ತಲು, ಅವರ ಕೈಯಲ್ಲಿ ದೀಪ ಇರಲಿಲ್ಲ, ಅಂತಾಳೆ. ಮಕ್ಕಳ ಬಾಯಿ ಮುಚ್ಚಿ ಹಿಡ್ಕೊಂಡಿದ್ದೆ. ನಾವು ಉಸಿರು ಕೂಡ ಬಿಡ್ಲಿಲ್ಲ. ಆದ್ರೂ ಅವರು ನೇರವಾಗಿ ನಮ್ಮ ಹತ್ರಾನೇ ನಡ್ಕೊಂಡು ಬಂದ್ರು."

ಅಮ್ನಾ ಅದನ್ನು ಬರೆದುಕೊಂಡಳು. ಮುಂದಿನದು ಹೇಳಿ ಎಂದಳು.